ಹೊಕ್ಕುಳ ಮೇಲಿನ ಕಾಲಾಣೆ

ನನ್ನ ಹೊಲಿಗೆ ಯಂತ್ರದ ಪಕ್ಕದಲ್ಲಿ ಒಂದು ತಗಡಿನ ಡಬ್ಬಿ ಇರುತ್ತದೆ. ಯಾರೋ ಅಮೀನಗಡದಿಂದ ಅದರಲ್ಲಿ ಕರದಂಟು ತುಂಬಿಸಿ ತಂದುಕೊಟ್ಟಿದ್ದರು. ಕರದಂಟು ಬಂದ ವಾರವೇ ಖಾಲಿಯಾಯಿತು, ಡಬ್ಬಿ ಉಳಿಯಿತು. ಈಗ ಅದರ ತುಂಬ ತಾಮ್ರದ ಹಳೆಯ ದುಡ್ಡುಗಳಿವೆ. ಎತ್ತಲು ಹೋದವರಿಗೆ ರಟ್ಟೆ ನೋಯುವಷ್ಟು ಭಾರ. ಇದನ್ನು ನೋಡಿದ ಬಳಗದವರೆಲ್ಲ ನನ್ನನ್ನು ಜಿಪುಣಿ ಎಂದು ಆಡಿಕೊಂಡಿದ್ದಾರೆ. ಆಡಿಕೊಳ್ಳಲಿ. ಅವರು ಪ್ಲಾಸ್ಟಿಕ್ ಚೀಲಗಳನ್ನು ಮಡಚಿ ಮಡಚಿ ಗಾದಿಯ ಕೆಳಗೆ ಇಟ್ಟುಕೊಳ್ಳುವುದನ್ನು ನಾನೂ ನೋಡಿದ್ದೇನೆ.

ಈ ಚಟ ನನಗೆ ಹತ್ತಿದ್ದು ಯಜಮಾನರ ಕೆಲಸದಿಂದ. ಅವರು ಇಳಕಲ್ ಪೇಟೆಯ ಒಂದು ಭಾಂಡೆ ಅಂಗಡಿಯಲ್ಲಿ ತಕ್ಕಡಿ ಹಿಡಿಯುತ್ತಾರೆ. ಅಜ್ಜಿಯರ ಕಾಲದ ತಾಮ್ರದ ಹಂಡೆ, ಕೊಡಗಳನ್ನು ಮಂದಿ ಅಲ್ಲಿ ತೂಕಕ್ಕೆ ಹಾಕಿ ಸ್ಟೀಲಿನ ಪಾತ್ರೆ ಒಯ್ಯುತ್ತಾರೆ. ಹಂಡೆಯನ್ನು ಬೋರಲು ಹಾಕಿದಾಗ ಕೆಲವೊಮ್ಮೆ ಒಳಗಿನಿಂದ ಹಳೆಯ ದುಡ್ಡು ಉರುಳುತ್ತವೆ. ಯಾವ ಮುತ್ತಜ್ಜಿ ಬಚ್ಚಿಟ್ಟು ಮರೆತಿದ್ದಳೋ ಏನೋ. ತಂದವರಿಗೆ ಅವು ಬೇಡ. ಅಂಗಡಿಯ ಸಾಹುಕಾರರಿಗೆ ಹಂಡೆಯೂ ತಾಮ್ರ, ದುಡ್ಡೂ ತಾಮ್ರ. ಎರಡನ್ನೂ ಕೂಡಿಸಿ ಕರಗಿಸಲು ಕಳಿಸುತ್ತಾರೆ. ಒಮ್ಮೆ ಯಜಮಾನರು ಕೇಳಿದ್ದಕ್ಕೆ ಸಾಹುಕಾರರು, ಅದರ ತೂಕಕ್ಕೆ ಸರಿಯಾಗಿ ಬೇರೆ ತಾಮ್ರ ತಕ್ಕಡಿಗೆ ಬಿದ್ದರೆ ಸಾಕು, ದುಡ್ಡು ನೀವೇ ಒಯ್ಯಿರಿ ಎಂದರಂತೆ.

ಅಂದಿನಿಂದ ನಾನು ಊರ ತಾಮ್ರದ ಮೇಲೆ ಕಣ್ಣಿಟ್ಟೆ. ಸುಟ್ಟ ಮೋಟಾರಿನ ತಂತಿ, ಮುರಿದ ಪೈಪಿನ ತುಂಡು, ಬಾಯಿ ಒಡೆದ ಗಿಂಡಿ, ಏನು ಸಿಕ್ಕರೂ ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ತರುತ್ತಿದ್ದೆ. ಬೆಳಿಗ್ಗೆ ಯಜಮಾನರ ಊಟದ ಡಬ್ಬಿಯ ಜೊತೆ ಅದೂ ಅಂಗಡಿಗೆ ಹೋಗುತ್ತಿತ್ತು. ಸಂಜೆ ಅವರ ಅಂಗಿಯ ಕಿಸೆಯಲ್ಲಿ ದುಡ್ಡು ಬರುತ್ತಿದ್ದವು. ಚಹಾ ಕೊಡುವ ಮೊದಲೇ ನಾನು ಕಿಸೆಗೆ ಕೈ ಹಾಕುತ್ತಿದ್ದೆ. ಬೇರೆಯವರ ಹೆಂಡಂದಿರು ಗಂಡನ ಕಿಸೆಯಲ್ಲಿ ಏನೇನೋ ಹುಡುಕುತ್ತಾರೆ, ನನ್ನ ಪುಣ್ಯಕ್ಕೆ ಇವಳು ಹುಡುಕುವುದು ಗುಜರಿಯ ಮೋಡಕಾ ಮಾಲು ಎಂದು ಅವರು ನಗುತ್ತಿದ್ದರು.

ದೊಡ್ಡ ಹವ್ಯಾಸ ಎಂದು ಹೇಳಿಕೊಳ್ಳುವ ಹಾಗೇನೂ ಇಲ್ಲ. ನಾನು ಇಸವಿ ನೋಡಿ ಜೋಡಿಸುವವಳಲ್ಲ. ಫೋನಿನಲ್ಲಿ ಹಳೆಯ ನಾಣ್ಯಕ್ಕೆ ಲಕ್ಷ ಲಕ್ಷ ಕೊಡುತ್ತಾರೆ ಎಂಬ ವೀಡಿಯೊ ಹರಿದಾಡಿದಾಗಲೆಲ್ಲ ಯಾರಾದರೊಬ್ಬರು ಬಂದು ನನ್ನ ಡಬ್ಬಿಯ ಮುಂದೆ ಕೂರುತ್ತಾರೆ. ಲಕ್ಷ ಕೊಡುವವನನ್ನು ಮೊದಲು ಕರೆದುಕೊಂಡು ಬನ್ನಿ, ಚಹಾ ನಾನು ಮಾಡುತ್ತೇನೆ ಎನ್ನುತ್ತೇನೆ. ಇಂದಿನವರೆಗೆ ಯಾರೂ ಬಂದಿಲ್ಲ. ನನಗೆ ಆ ದುಡ್ಡಿನ ಬಣ್ಣ ಇಷ್ಟ, ಅಂಗೈಯಲ್ಲಿ ಅದು ಬೆಚ್ಚಗಾಗುವುದು ಇಷ್ಟ. ಕೆಲಸಕ್ಕೂ ಬರುತ್ತವೆ. ನಾನು ಕುಪ್ಪಸ ಹೊಲಿಯುವವಳು. ಗುಳೇದಗುಡ್ಡದ ಖಣವನ್ನು ಹಾಸಿ ಕತ್ತರಿಸುವಾಗ ಬಟ್ಟೆ ಸರಿಯದಂತೆ ಮೂಲೆಮೂಲೆಗೆ ಈ ದುಡ್ಡುಗಳನ್ನೇ ಇಡುತ್ತೇನೆ.

ಇನ್ನೊಂದು ಕೆಲಸಕ್ಕೆ ಓಣಿಯ ಹೆಂಗಸರು ನನ್ನ ಡಬ್ಬಿಯನ್ನು ಹುಡುಕಿಕೊಂಡು ಬರುತ್ತಿದ್ದರು. ನಮ್ಮಲ್ಲಿ ಹುಟ್ಟಿದ ಕೂಸಿನ ಹೊಕ್ಕಳು ಉಬ್ಬಬಾರದೆಂದು ಅದರ ಮೇಲೆ ತಾಮ್ರದ ದುಡ್ಡನ್ನಿಟ್ಟು ಮೆತ್ತನೆಯ ಬಟ್ಟೆಯಿಂದ ಕಟ್ಟುತ್ತಾರೆ. ದವಾಖಾನೆಯವರು ಬೇಡ ಎನ್ನುತ್ತಾರೆ, ಇವರು ಹೂಂ ಎಂದು ಮನೆಗೆ ಬಂದು ಕಟ್ಟುತ್ತಾರೆ. ಬಾಣಂತಿ ಎದ್ದು ಓಡಾಡುವ ಹೊತ್ತಿಗೆ ದುಡ್ಡು ನನಗೆ ವಾಪಸು ಬರುತ್ತಿತ್ತು, ಜೊತೆಗೆ ಒಂದು ಹಿಡಿ ಸಕ್ಕರೆ. ಹಿಂದೂಗಳ ಮನೆಯಾಗಲಿ, ಮುಸಲ್ಮಾನರ ಮನೆಯಾಗಲಿ, ನನ್ನ ಡಬ್ಬಿಯ ದುಡ್ಡು ಹೋಗದ ತೊಟ್ಟಿಲು ನಮ್ಮ ಓಣಿಯಲ್ಲಿ ಇರಲಿಲ್ಲ. ಕೊಡುವಾಗ ನಾನು ಗದರಿಸಿಯೇ ಕೊಡುತ್ತಿದ್ದೆ. ಕಳೆದರೆ ನೋಡು, ಕೂಸನ್ನೇ ಒತ್ತೆ ಇಟ್ಟುಕೊಳ್ಳುತ್ತೇನೆ ಎನ್ನುತ್ತಿದ್ದೆ. ಕಟ್ಟುವುದನ್ನೂ ನಾನೇ ಹೇಳಿಕೊಡುತ್ತಿದ್ದೆ. ಹಿಂಬದಿಯ ಅಕ್ಷರ, ಬಳ್ಳಿಯ ಕೆತ್ತನೆ ಎಳೆಯ ಚರ್ಮಕ್ಕೆ ಚುಚ್ಚುತ್ತವೆ. ಮುಖದ ಬದಿ ಸವೆದು ನುಣ್ಣಗಾಗಿರುತ್ತದೆ. ಆದ್ದರಿಂದ ಮುಖ ಒಳಗೆ, ಅಕ್ಷರ ಹೊರಗೆ.

ನನ್ನ ಮಗಳು ಬೆಳೆದದ್ದು ಈ ದುಡ್ಡುಗಳ ನಡುವೆ. ನನಗಿರುವುದು ಅವಳೊಬ್ಬಳೇ. ನಾನು ಹೊಲಿಯುತ್ತಿದ್ದರೆ ಅವಳು ಯಂತ್ರದ ಕೆಳಗೆ ಕುಳಿತು ದುಡ್ಡು ಹರವಿಕೊಂಡು ಮನೆಯಾಟ ಆಡುತ್ತಿದ್ದಳು. ಗಡ್ಡದ ರಾಜ ಅಪ್ಪ. ಬೋಳುತಲೆಯ ರಾಜ ಮಾವ. ಕುದುರೆಯ ದುಡ್ಡು ಅವರ ಗಾಡಿ. ತೂತಿನ ದುಡ್ಡು ಬಾವಿ. ಎಲ್ಲರಿಗಿಂತ ಹೆಚ್ಚಿನವಳು ರಾಣಿಯ ಮುಖದ ಒಂದು ಕಾಲಾಣೆ. ಅದರ ಮೂಗು ಸವೆದು ಗಲ್ಲಕ್ಕೆ ಕೂಡಿಕೊಂಡಿತ್ತು. ಮಗಳು ಅದನ್ನು ಮುದುಕಿ ಎಂದು ಕರೆಯುತ್ತಿದ್ದಳು. ರಾಣಿಯವು ಡಬ್ಬಿಯಲ್ಲಿ ಬೇರೆಯೂ ಇದ್ದವು, ಆದರೆ ಮುದುಕಿ ಅದೊಂದೇ. ಕಣ್ಣು ಮುಚ್ಚಿ ಡಬ್ಬಿಗೆ ಕೈಹಾಕಿ ಮುದುಕಿಯನ್ನೇ ಹೊರತೆಗೆಯುತ್ತಿದ್ದಳು.

ಅವಳದೊಂದು ಹಟ ಇತ್ತು. ಯಾವ ದುಡ್ಡನ್ನೂ ಮುಖ ಕೆಳಗೆ ಮಾಡಿ ಇಡುವ ಹಾಗಿರಲಿಲ್ಲ. ಅವಸರದಲ್ಲಿ ನಾನು ಖಣದ ಮೇಲೆ ಹೇಗೆಂದರೆ ಹಾಗೆ ಇಟ್ಟರೆ, ಅವುಗಳಿಗೆ ಉಸಿರು ಕಟ್ಟುತ್ತದೆ ಎಂದು ಬಂದು ಒಂದೊಂದನ್ನೇ ಅಂಗಾತ ಮಾಡುತ್ತಿದ್ದಳು. ಬಟ್ಟೆ ಸರಿದು ಕತ್ತರಿ ಸೊಟ್ಟ ಹೋಗಿ ನಾನು ಅವಳ ಬೆನ್ನಿಗೊಂದು ಕೊಟ್ಟದ್ದೂ ಉಂಟು.

ಅವಳನ್ನು ಬಾದಾಮಿಗೆ ಕೊಟ್ಟೆವು. ಅಳಿಯ ಮನೆಗಳ ವೈರಿಂಗ್ ಮಾಡುವವನು. ಮದುವೆಯಾದ ಹೊಸದರಲ್ಲಿ ಅತ್ತೆಗೆ ಏನು ತಂದರೆ ಸೇರುತ್ತದೆ ಎಂದು ಹೆಂಡತಿಯನ್ನು ಕೇಳಿದನಂತೆ. ಅವಳು ನಗುತ್ತ ಹೇಳಿದ್ದನ್ನು ಅವನು ಖರೆ ಎಂದುಕೊಂಡ. ಮುಂದಿನ ಸಲ ಬಸ್ಸಿನಿಂದ ಇಳಿದಾಗ ಕೈಯಲ್ಲಿ ಹಣ್ಣಿನ ಚೀಲದ ಬದಲು ಹಳೆಯ ತಾಮ್ರದ ತಂತಿಯ ಸುರುಳಿ ಇತ್ತು. ಇಡೀ ಓಣಿ ನಕ್ಕಿತು. ನನಗೆ ಮಾತ್ರ ಅವನ ಮೇಲೆ ಅಂದಿನಿಂದ ವಿಪರೀತ ಪ್ರೀತಿ.

ಚೊಚ್ಚಲ ಬಾಣಂತನಕ್ಕೆ ಮಗಳು ನಮ್ಮ ಮನೆಗೆ ಬಂದಳು. ಹೊಟ್ಟೆ ಮುಂದೆ ಮಾಡಿಕೊಂಡು ನೆಲದ ಮೇಲೆ ಕೂರಲಾಗದೆ ಕುರ್ಚಿಯಲ್ಲಿ ಕುಳಿತು ನನ್ನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಳ್ಳುತ್ತಿದ್ದಳು. ಕೂಸು ಒದ್ದರೆ ಡಬ್ಬಿ ಅಲುಗುತ್ತಿತ್ತು. ಕೇಳಿಸಿತೇನು ಎಂದು ನನ್ನ ಮುಖ ನೋಡುತ್ತಿದ್ದಳು. ಓಣಿಯವರಿಗೆಲ್ಲ ಯಾವ ದುಡ್ಡು ಬೇಕಾದರೂ ಕೊಡು ಎಂದಳು ಒಂದು ದಿನ.

"ಮುದುಕಿನ್ನ ಮಾತ್ರ ಯಾರಿಗೂ ಕೊಡಬ್ಯಾಡವ್ವಾ. ಆಕಿ ನನ್ನ ಕೂಸಿಗೆ."

ನಮ್ಮಲ್ಲಿ ಹುಟ್ಟುವ ಮೊದಲು ಕೂಸಿಗೆ ಅಂಗಿ, ಕುಂಚಿಗೆ ಏನನ್ನೂ ಹೊಲಿದಿಡುವುದಿಲ್ಲ. ಊರ ಕೂಸುಗಳಿಗೆಲ್ಲ ಕುಂಚಿಗೆ ಹೊಲಿದ ನಾನು ನನ್ನ ಮೊಮ್ಮಗುವಿಗೆ ಒಂದು ದಾರವನ್ನೂ ಪೋಣಿಸದೆ ಕೈಕಟ್ಟಿ ಕುಳಿತಿದ್ದೆ. ಆದರೆ ದುಡ್ಡು ಹೊಲಿಯುವ ವಸ್ತುವಲ್ಲವಲ್ಲ. ಮುದುಕಿಯನ್ನು ಹುಣಸೆಹಣ್ಣು ಹಚ್ಚಿ ತೊಳೆದು, ಒರೆಸಿ, ನನ್ನ ಎಲೆಅಡಿಕೆಯ ಸಂಚಿಯಲ್ಲಿ ಹಾಕಿಕೊಂಡೆ.

ದಿನ ತುಂಬುತ್ತ ಬಂದಾಗ ಒಂದು ಬೆಳಿಗ್ಗೆ ಮಗಳು ಹಾಸಿಗೆಯಲ್ಲಿ ಎದ್ದು ಕುಳಿತು ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡಿದ್ದಳು. ನಿನ್ನೆ ಸಂಜೆಯಿಂದ ಒದ್ದಿಲ್ಲ ಎಂದಳು. ನಾನು ಸಕ್ಕರೆ ನೀರು ಕುಡಿಸಿದೆ, ಎಡ ಮಗ್ಗುಲಿಗೆ ಮಲಗಿಸಿದೆ. ಡಬ್ಬಿಯನ್ನು ಅವಳ ಹೊಟ್ಟೆಯ ಹತ್ತಿರ ಹಿಡಿದು ಗಲಗಲ ಅಲುಗಿಸಿದೆ. ಇಳಕಲ್ಲಿನ ಡಾಕ್ಟರು ನೋಡಿ, ತಡಮಾಡದೆ ಬಾಗಲಕೋಟೆಗೆ ಹೋಗಿ ಎಂದರು. ಹುನಗುಂದ ದಾಟುವವರೆಗೆ ನಾನು ಏನೇನೋ ಮಾತಾಡುತ್ತಲೇ ಇದ್ದೆ. ಅಮೀನಗಡದ ಹತ್ತಿರ ಮಗಳು, ಸುಮ್ಮನಿರವ್ವ ಎಂದಳು.

ಕೂಸಿನ ಜೀವ ಹೊಟ್ಟೆಯಲ್ಲೇ ಹೋಗಿತ್ತು. ಅದು ಗೊತ್ತಿದ್ದೂ ಅವಳು ಹಡೆಯಬೇಕಾಯಿತು. ಹೆಣ್ಣು ಕೂಸು. ಹುಟ್ಟಿದ ಮೇಲೆ ಮಗಳಿಗೆ ನಿದ್ದೆಯ ಔಷಧ ಕೊಟ್ಟಿದ್ದರು, ಅವಳು ಅರೆಗಣ್ಣಾಗಿ ಮಲಗಿದ್ದಳು. ಅಷ್ಟರಲ್ಲಿ ಬಾದಾಮಿಯಿಂದ ಬೀಗಿತ್ತಿ, ಅವರ ಕಡೆಯ ಹಿರಿಯರು ಬಂದಿದ್ದರು. ಎಲ್ಲರದೂ ಒಂದೇ ಮಾತು, ಬಾಣಂತಿಗೆ ತೋರಿಸಬೇಡಿ. ಮುಖ ನೋಡಿದರೆ ಮಾಯೆ ಹತ್ತುತ್ತದೆ, ಮುಂದೆ ಅವಳು ಚೇತರಿಸಿಕೊಳ್ಳುವುದಿಲ್ಲ. ನನಗೆ ಸಿಟ್ಟು ಬಂತು. ಒಂಬತ್ತು ತಿಂಗಳು ಹೊತ್ತವಳಿಗೆ ಹತ್ತದ ಮಾಯೆ ಈಗ ಮುಖ ನೋಡಿದರೆ ಹತ್ತುತ್ತದೆಯೇ ಎಂದು ಕೇಳಬೇಕೆನಿಸಿತು. ಊರಿಗೆಲ್ಲ ಗದರಿಸುವ ನನ್ನ ಬಾಯಿಂದ ಅಲ್ಲಿ ಒಂದು ಮಾತೂ ಹೊರಡಲಿಲ್ಲ. ಬೀಗಿತ್ತಿಯೂ ಅಳುತ್ತಿದ್ದಳು. ಅಳುವವರ ಜೊತೆ ಜಗಳ ಆಡುವುದು ಹೇಗೆ?

ನರ್ಸಮ್ಮ ಕೂಸನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಳು. ಗಂಡಸರು ಗಾಡಿ ತರಲು ಹೋಗಿದ್ದರು. ನಾನು ಕಿಟಕಿಯ ಹತ್ತಿರದ ಬೆಂಚಿನ ಮೇಲೆ ಕುಳಿತು ಬಟ್ಟೆ ಬಿಚ್ಚಿದೆ. ಮೈಯಲ್ಲಿ ಎಲ್ಲವೂ ಇತ್ತು, ಉಗುರು ಸಹ. ಚೀಲದಲ್ಲಿ ನನ್ನ ಹಳೆಯ ಇಳಕಲ್ ಸೀರೆಯೊಂದಿತ್ತು, ಒಗೆದು ಒಗೆದು ಬೆಣ್ಣೆಯಂತೆ ಮೆತ್ತಗಾದದ್ದು. ಹುಟ್ಟಿದ ಕೂಸನ್ನು ಸುತ್ತಲೆಂದೇ ಒಯ್ದಿದ್ದೆ. ಹಲ್ಲಿನಿಂದ ಕಚ್ಚಿ ಅದರದೊಂದು ಪಟ್ಟಿ ಹರಿದೆ. ಸಂಚಿಯಿಂದ ಮುದುಕಿಯನ್ನು ತೆಗೆದು, ಅಂಗೈಯಲ್ಲಿ ತಿಕ್ಕಿ ಬೆಚ್ಚಗೆ ಮಾಡಿ, ಕೂಸಿನ ಹೊಕ್ಕುಳ ಮೇಲಿಟ್ಟು ಕಟ್ಟಿದೆ. ಮುಖ ಒಳಗೆ, ಅಕ್ಷರ ಹೊರಗೆ. ಗಂಟು ಬಿಗಿಯಾಯಿತೇನೋ ಎಂದು ಬಿಚ್ಚಿ ಸಡಿಲ ಮಾಡಿ ಮತ್ತೆ ಕಟ್ಟಿದೆ.

ಇನ್ನು ಉಬ್ಬುವ ಹೊಕ್ಕಳು ಅದಾಗಿರಲಿಲ್ಲ. ಹುಟ್ಟಿದ ಕೂಸಿಗೆ ಏನಾದರೊಂದನ್ನು ಮಾಡಬೇಕಿತ್ತು, ನನಗೆ ಬರುತ್ತಿದ್ದದ್ದು ಅದೇ. ಅಲ್ಲಿಯವರೆಗೆ ಯಾರಿಗೂ ವಾಪಸು ಕೇಳದೆ ಒಂದು ದುಡ್ಡನ್ನೂ ಬಿಟ್ಟುಕೊಟ್ಟವಳಲ್ಲ ನಾನು.

ಯಜಮಾನರು ಬಂದು ಎರಡೂ ಕೈ ಚಾಚಿದರು. ಅವರ ಕೈಗೆ ತೂಕ ಗೊತ್ತು. ಹಂಡೆಯನ್ನು ಎತ್ತಿದ ಕೂಡಲೇ ಇಷ್ಟು ಎಂದು ಹೇಳಿಬಿಡುತ್ತಾರೆ, ತಕ್ಕಡಿ ಆಮೇಲೆ ಅಷ್ಟೇ ತೋರಿಸುತ್ತದೆ. ಕೂಸನ್ನು ತೆಗೆದುಕೊಂಡು ಅವರು ಬಟ್ಟೆಯ ಅಂಚನ್ನು ಸರಿಮಾಡಿದರು. ಎಷ್ಟಿತ್ತು ಎಂದು ಅವರು ಹೇಳಿಲ್ಲ, ನಾನೂ ಕೇಳಿಲ್ಲ. ಅಳಿಯ ಮತ್ತು ಅವರು ಕೂಸನ್ನು ಬಾದಾಮಿಯ ಹತ್ತಿರದ ಅಳಿಯನ ಹೊಲಕ್ಕೆ ಒಯ್ದು ಬದುವಿನ ಬೇವಿನ ಗಿಡದ ಬಳಿ ಮಣ್ಣು ಮಾಡಿ ಬಂದರು. ಎಚ್ಚರವಾದ ಮೇಲೆ ಮಗಳು ಹೆಣ್ಣೋ ಗಂಡೋ ಎಂದು ಮಾತ್ರ ಕೇಳಿದಳು. ಹೇಳಿದೆ. ಗೋಡೆಯ ಕಡೆ ಹೊರಳಿದಳು.

ಇಳಕಲ್ಲಿಗೆ ಬಂದ ಮೇಲೆ ಅವಳಿಗೆ ಹಾಲು ಬಂತು. ಯಾರಿಗೆ ಕುಡಿಸಬೇಕೆಂದು ಬಂತೋ. ಎದೆ ಕಲ್ಲಾಗಿ ಜ್ವರ ಏರಿತು. ಪಕ್ಕದ ಮನೆಯ ಮುಸಲ್ಮಾನ ಅಜ್ಜಿಯನ್ನು ಓಣಿಯವರೆಲ್ಲ ಖಾಲಾ ಎನ್ನುತ್ತೇವೆ. ಎಷ್ಟೋ ಬಾಣಂತನ ಮಾಡಿದ ಕೈ ಅವರದು. ಮಲ್ಲಿಗೆ ಹೂವನ್ನು ಎದೆಗೆ ಕಟ್ಟಿದರೆ ಹಾಲು ಬತ್ತುತ್ತದೆ ಎಂದರು. ಯಜಮಾನರು ಪೇಟೆಗೆ ಹೋಗಿ ಮಲ್ಲಿಗೆ ಕೇಳಿದಾಗ ಹೂವಿನವಳು, ಇಷ್ಟೊಂದು ಹೂವು ಯಾರ ಮದುವೆಗೆ ಎಂದಳಂತೆ. ಅವರು ಹೂವಿನ ಪೊಟ್ಟಣವನ್ನು ನನ್ನ ಕೈಗೆ ಕೊಟ್ಟು ಹಿತ್ತಲಿಗೆ ಹೋದರು, ಬಹಳ ಹೊತ್ತು ಒಳಗೆ ಬರಲಿಲ್ಲ.

ಖಾಲಾ ಹೂವನ್ನು ಹರವಿ, ಬಟ್ಟೆಯಿಂದ ಬಿಗಿದು ಕಟ್ಟಿದರು. ಅವರ ಕಣ್ಣಿಂದ ನೀರು ಹರಿಯುತ್ತಿತ್ತು. ಮಗಳ ಕಣ್ಣು ಒಣಗಿಯೇ ಇದ್ದವು. ಹೊರಗೆ ಬಂದು ಖಾಲಾ ನನ್ನ ಕೈ ಹಿಡಿದುಕೊಂಡರು.

"ತಂಗಿ, ಹಾಲು ಬತ್ತತಾವು. ಆದ್ರ ಈ ಹುಡುಗಿ ಅಳಬೇಕವಾ. ಅಳಲಿಲ್ಲಂದ್ರ ಒಳಗ ಕೊಳೀತೈತಿ."

ಮನೆಯ ತುಂಬ ಮಲ್ಲಿಗೆಯ ವಾಸನೆ. ಈಗ ಯಾರ ಮುಡಿಯಲ್ಲಿ ಆ ಹೂವು ಕಂಡರೂ ನಾನು ರಸ್ತೆಯ ಆಚೆ ಬದಿಗೆ ಹೋಗುತ್ತೇನೆ.

ಅವಳನ್ನು ಅಳಿಸಲು ನಾವು ಮಾಡದ ಪ್ರಯತ್ನವಿಲ್ಲ. ಅಳಿಯ ವಾರಕ್ಕೊಮ್ಮೆ ಬಂದು ಪಕ್ಕದಲ್ಲಿ ಕುಳಿತು ತಾನೇ ಅತ್ತು ಹೋಗುತ್ತಿದ್ದ. ಅವಳು ಅವನಿಗೆ ಊಟಕ್ಕೆ ಬಡಿಸುತ್ತಿದ್ದಳು, ಅಂಗಿಯ ಗುಂಡಿ ಹಚ್ಚಿಕೊಡುತ್ತಿದ್ದಳು. ಕೂಸಿನ ಮಾತು ಮಾತ್ರ ಆಡುತ್ತಿರಲಿಲ್ಲ. ನಾವೂ ಆಡುತ್ತಿರಲಿಲ್ಲ. ಅವಳು ನೋಡಲಿಲ್ಲ, ನಾನು ನೋಡಿದ್ದೆ. ಆ ಒಂದು ಸಂಗತಿ ನಮ್ಮಿಬ್ಬರ ನಡುವೆ ಗೋಡೆಯ ಹಾಗೆ ನಿಂತಿತ್ತು. ಹೇಳಿದರೆ ಅವಳು ಒಡೆದುಹೋಗುತ್ತಾಳೆ ಎಂದು ಬೀಗಿತ್ತಿ ಫೋನಿನಲ್ಲಿ ಮತ್ತೆ ಮತ್ತೆ ಎಚ್ಚರಿಸುತ್ತಿದ್ದಳು. ಹೇಳದಿದ್ದರೆ ಅವಳು ಹೀಗೇ ಇದ್ದುಬಿಡುತ್ತಾಳೇನೋ ಎಂಬ ಭಯ ನನಗೆ.

ಆ ನಡುವೆ ನಮ್ಮ ಓಣಿಯ ಕೊನೆಯ ಮನೆಯಲ್ಲಿ, ನೇಕಾರರ ಸೊಸೆ ಹಡೆದಳು. ದುಡ್ಡು ಕೇಳಲು ನನ್ನ ಹತ್ತಿರ ಯಾರೂ ಬರಲಿಲ್ಲ. ಕೂಸಿನ ಹೊಕ್ಕಳಿಗೆ ಈಗಿನ ಕಾಲದ ನಾಣ್ಯವನ್ನೇ ಕಟ್ಟಿದರಂತೆ. ಯಾಕೆ ಬರಲಿಲ್ಲವೆಂದು ನನಗೆ ಗೊತ್ತಿತ್ತು. ಅವರದು ತಪ್ಪೆಂದು ಹೇಳಲಾರೆ, ಆದರೆ ನೋವಾಯಿತು. ಡಬ್ಬಿಯನ್ನು ಯಂತ್ರದ ಪಕ್ಕದಿಂದ ತೆಗೆದು ಕಪಾಟಿನ ಕೆಳಗೆ ನೂಕಿದೆ. ಬಟ್ಟೆಯ ಮೇಲೆ ಕತ್ತರಿಯನ್ನು, ಅಳತೆಪಟ್ಟಿಯನ್ನು ಇಟ್ಟು ಕೆಲಸ ಸಾಗಿಸಿದೆ. ಬಟ್ಟೆ ಸರಿಯುತ್ತಿತ್ತು.

ಒಂದು ಮಧ್ಯಾಹ್ನ ನಾನು ನೆಲದ ಮೇಲೆ ಖಣ ಹಾಸಿ ಗುರುತು ಹಾಕುತ್ತಿದ್ದೆ. ಫ್ಯಾನಿನ ಗಾಳಿಗೆ ಬಟ್ಟೆ ಏಳುತ್ತಿತ್ತು, ನಾನು ಬೈದುಕೊಳ್ಳುತ್ತಿದ್ದೆ. ಮಗಳು ಒಳಗಿನಿಂದ ಬಂದಳು. ಕಪಾಟಿನ ಕೆಳಗೆ ಕೈಹಾಕಿ ಡಬ್ಬಿ ಎಳೆದಳು. ನನ್ನ ಎದುರಿಗೆ ಕುಳಿತು, ಚಿಕ್ಕವಳಿದ್ದಾಗಿನಂತೆ ಒಂದೊಂದೇ ದುಡ್ಡನ್ನು ತೆಗೆದು ಬಟ್ಟೆಯ ಅಂಚಿಗೆ ಇಡತೊಡಗಿದಳು. ಗಡ್ಡದ ರಾಜ, ಬೋಳುತಲೆಯ ರಾಜ, ಕುದುರೆ. ಎಲ್ಲವನ್ನೂ ಮುಖ ಮೇಲೆ ಮಾಡಿಯೇ ಇಟ್ಟಳು. ಆಮೇಲೆ ಕಣ್ಣು ಮುಚ್ಚಿ ಡಬ್ಬಿಯೊಳಗೆ ಕೈಯಾಡಿಸಿದಳು. ತಳದವರೆಗೆ ಹುಡುಕಿದಳು. ನನ್ನ ಕೈಯಲ್ಲಿದ್ದ ಸೀಮೆಸುಣ್ಣ ನಿಂತುಹೋಯಿತು.

"ಅವ್ವಾ, ಮುದುಕಿ ಎಲ್ಲಿ?"

ಬೀಗಿತ್ತಿಯ ಮಾತು ನೆನಪಾಯಿತು. ಖಾಲಾ ಹೇಳಿದ್ದೂ ನೆನಪಾಯಿತು.

"ಕೂಸಿನ ಕೂಡ ಕಳಿಸೇನಿ," ಎಂದೆ. "ಹೊಕ್ಕಳಿಗೆ ಕಟ್ಟಿ ಕಳಿಸೇನಿ, ನನ್ನವ್ವ. ನನ್ನ ಕೈಲೇ ಕಟ್ಟೇನಿ."

ಅವಳು ಕಣ್ಣು ತೆರೆಯಲಿಲ್ಲ. ಕೈ ಡಬ್ಬಿಯಲ್ಲೇ ಇತ್ತು. ಕೂದಲಿತ್ತೇ ಎಂದು ಕೇಳಿದಳು. ಇತ್ತು, ಹಣೆಯ ಮೇಲೆ ಇಳಿದಿತ್ತು, ನೀನು ಹುಟ್ಟಿದಾಗ ಇದ್ದ ಹಾಗೆಯೇ ಎಂದೆ. ಬಣ್ಣ ಕೇಳಿದಳು. ಬೆರಳು ಕೇಳಿದಳು. ಎಲ್ಲವನ್ನೂ ಹೇಳಿದೆ. ಹೇಳುತ್ತಿದ್ದಂತೆ ಎಲ್ಲ ಕಣ್ಣ ಮುಂದೆ ಬಂತು, ಮುಚ್ಚಿಡಲು ಏನೂ ಉಳಿಯಲಿಲ್ಲ. ಕೂಸಿನ ಹೊಟ್ಟೆ ಎಷ್ಟು ದೊಡ್ಡದಿತ್ತು ಎಂದು ಕೇಳಿದಾಗ, ಖಣದ ಮೇಲಿನ ಗಡ್ಡದ ರಾಜನನ್ನು ಎತ್ತಿ ಅವಳ ಇನ್ನೊಂದು ಅಂಗೈ ನಡುವೆ ಇಟ್ಟು, ದುಡ್ಡಿನ ಸುತ್ತ ನನ್ನ ಬೆರಳಿನಿಂದ ಒಂದು ಗೆರೆ ಎಳೆದು ತೋರಿಸಿದೆ. ಅವಳು ಕಣ್ಣು ತೆರೆದು ಆ ಅಂಗೈಯನ್ನೇ ನೋಡುತ್ತ ಕುಳಿತಳು.

"ಮಾರಿ ಯಾ ಕಡೆ ಮಾಡಿ ಕಟ್ಟಿದಿ?"

"ಒಳಗ. ಕೂಸಿನ ಕಡೆ."

ಅವಳು ಅಂಗೈಯಲ್ಲಿದ್ದ ದುಡ್ಡನ್ನು ಖಣದ ಮೇಲೆ ಮುಖ ಕೆಳಗೆ ಮಾಡಿ ಇಟ್ಟಳು. ಆಮೇಲೆ ಪಕ್ಕದ್ದನ್ನು ಬೋರಲು ಹಾಕಿದಳು, ಅದರ ಪಕ್ಕದ್ದನ್ನೂ. ಹೀಗೆ ಅಂಚಿನುದ್ದಕ್ಕೂ ತಾನೇ ಇಟ್ಟಿದ್ದ ದುಡ್ಡುಗಳನ್ನೆಲ್ಲ ಒಂದೊಂದಾಗಿ ಮಗುಚುತ್ತ ಹೋದಳು. ಕೊನೆಯದರ ಮೇಲೆ ಬೆರಳಿಟ್ಟು ಹಾಗೇ ಒತ್ತಿ ಹಿಡಿದಳು.

"ಆ ಮುದುಕಿಗೂ ನನ್ನ ಕೂಸು ಕಂಡಿತಲ್ಲವ್ವಾ," ಎಂದಳು. "ನನಗ ಯಾಕ ತೋರಸ್ಲಿಲ್ಲ?"

ಹಡೆದ ಮೇಲೆ ಅವಳು ಅತ್ತದ್ದು ಅಂದೇ ಮೊದಲು. ಆ ದನಿಗೆ ಪಕ್ಕದ ಮನೆಯಿಂದ ಖಾಲಾ ಓಡಿ ಬಂದು ಬಾಗಿಲಲ್ಲೇ ನಿಂತರು. ನಾನು ಖಣದ ಮೇಲೆಯೇ ಮೊಣಕಾಲೂರಿ ಅವಳನ್ನು ತಬ್ಬಿಕೊಂಡೆ.